ಗುಳೆ ಹೋದವರ ಕಾರ್ಡು

ದೇವದುರ್ಗ ಸೀಮೆಯಲ್ಲಿ ಹೊಲದ ಸುದ್ದಿ ತಿಳಿಯಲು ನಮ್ಮ ಶಾಲೆಯ ಹಾಜರಿ ಪುಸ್ತಕ ತೆರೆದರೆ ಸಾಕು. ದೀಪಾವಳಿ ಮುಗಿಯಿತೆಂದರೆ ಹತ್ತಿ ಬಿಡಿಸುವ ಕೆಲಸ, ಅದರ ಹಿಂದೆಯೇ ಮೆಣಸಿನಕಾಯಿ. ಕೆಲವು ಮಕ್ಕಳು ಅಪ್ಪ-ಅವ್ವನ ಕೂಡ ಬೆಂಗಳೂರಿಗೆ ಗುಳೆ ಹೋಗಿಬಿಡುತ್ತಾರೆ.

ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿ ಮೇಷ್ಟ್ರಾದ ನನಗೆ ಹಿಡಿಸಿದ್ದು ಹಾಡು-ಕುಣಿತದಿಂದಲ್ಲ, ಈ ಗುಳೆಯಿಂದ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ತುಂಬ ಬಂದ ಈ ಪದ್ಧತಿಯಲ್ಲಿ ಎಲ್ಲರೂ ಒಂದೇ ಪುಟದಲ್ಲಿ ಇರಬೇಕಿಲ್ಲ. ಕಲಿಕಾ ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮಗು ಮುಂದೆ ಹತ್ತುತ್ತದೆ. ನಾನು ಮಾಡುವುದಿಷ್ಟೇ: ಹೊರಡುವ ಮಗುವಿನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅದು ಮುಗಿಸಿದ ಕೊನೆಯ ಕಲಿಕಾ ಕಾರ್ಡಿನ ಸಂಖ್ಯೆ ಬರೆದಿಡುತ್ತೇನೆ. ಮರಳಿ ಬಂದಾಗ ಮೊದಲು ನಾನು ಕಲಿಸುವ ತಟ್ಟೆಗಲ್ಲ (ತಟ್ಟೆಯೆಂದರೆ ಗುಂಪು), ಗೆಳೆಯರು ಕಲಿಸುವ ತಟ್ಟೆಗೆ ಕೂಡಿಸುತ್ತೇನೆ. ಮೇಷ್ಟ್ರ ಮುಂದೆ ಬಾಯಿ ಕಟ್ಟಿಕೊಳ್ಳುವ ಮಗು ಗೆಳತಿಯ ಮುಂದೆ ಎರಡೇ ದಿನದಲ್ಲಿ ಓದತೊಡಗುತ್ತದೆ. ಮಕ್ಕಳ ಕೆಲಸ ತೂಗುಹಾಕುವ ಕಲಿಕಾ ಚಪ್ಪರದ ದಾರದಲ್ಲಿ ಅದರ ಹಳೆಯ ಚಿತ್ರವನ್ನೂ ತೆಗೆಯದೆ ಬಿಟ್ಟಿರಬೇಕು.

ಹೊಲದಿಂದ ಬಂದವರು ಬರಿಗೈಲಿ ಬರುವುದಿಲ್ಲ. ಕಿಲೋಕ್ಕೆ ಇಷ್ಟು ಎಂದು ಕೂಲಿ ಎಣಿಸಿದ ಮಗುವಿಗೆ ಗುಣಾಕಾರ ಗೊತ್ತಿದೆ, ಗುಣಾಕಾರದ ಚಿಹ್ನೆ ಗೊತ್ತಿಲ್ಲ. ಹಾಗಾಗಿ ಮೊದಲು ಬಾಯಿಲೆಕ್ಕ, ಆಮೇಲೆ ಹಲಗೆ. ಎಣಿಕೆಗೆ ಹುಣಸೆ ಬೀಜವೇ ಸೈ. ಹತ್ತಿಯ ಊರೆಂದು ಪಾಕೀಟಿನ ಬಿತ್ತನೆ ಬೀಜ ತರಬೇಡಿ, ಅದಕ್ಕೆ ಔಷಧಿ ಸವರಿರುತ್ತದೆ.

ಮಾನ್ವಿಯ ಕಡೆ ಸಮಸ್ಯೆ ಬೇರೆ. ಕಾಲುವೆ ಬದಿಯ ವಲಸಿಗರ ಕ್ಯಾಂಪ್‌ಗಳಿಂದ ಬರುವ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ತಾಂಡಾದವರು ಲಂಬಾಣಿ. ಅಕ್ಷರವಿಲ್ಲದ ಚಿತ್ರದ ಕಾರ್ಡು ಕೊಟ್ಟು, ಮೊದಲು ಅವರವರ ಮಾತಿನಲ್ಲೇ ಕಥೆ ಹೇಳಿಸಿ, ಆಮೇಲೆ ಕನ್ನಡಕ್ಕೆ ಬರುವುದು ಸುಲಭ. ಅಲ್ಲಿ ನಕಾಶೆ ಕಲಿಸಲೂ ಪುಸ್ತಕ ಬೇಡ, ಅಂಗಳದ ಉಸುಕೇ ಸಾಕು. ಮುನಿರಾಬಾದಿನ ಅಣೆಕಟ್ಟಿನಿಂದ ತುಂಗಭದ್ರಾ ಎಡದಂಡೆ ಕಾಲುವೆ ತೋಡಿ, ತಂಬಿಗೆಯಿಂದ ನೀರು ಬಿಟ್ಟೆವು. ನಡುವಿನವರು ಗದ್ದೆಗೆ ತಿರುಗಿಸಿಕೊಂಡರು, ಕೊನೆಗೆ ಕೂತವರಿಗೆ ಹನಿಯೂ ಮುಟ್ಟಲಿಲ್ಲ. "ಮ್ಯಾಲಿನವ್ರು ತೂಬು ಬಿಟ್ಟುಕೊಂಡ್ರೆ ನಮಗ ಎಲ್ಲಿಂದ ಬರ್ತೈತ್ರಿ ಸರ್?" ಎಂದು ಒಬ್ಬ ಎದ್ದುನಿಂತ. ಭೂಗೋಳದ ಪಾಠ ಅಲ್ಲಿಗೆ ಪೌರನೀತಿಯಾಯಿತು. ಜಗಳ ಬಿಡಿಸುವಷ್ಟರಲ್ಲಿ ಗಂಟೆಯೂ ಹೊಡೆಯಿತು. ಅವತ್ತು ಬರೆಸುವುದು ಉಳಿಯಿತು, ಉಳಿದರೇನು.

ಹೊಲ, ಕಾಲುವೆ ಇಲ್ಲದ ರಾಯಚೂರು ನಗರದ ಶಾಲೆಗಳಿಗೆ ಪಾಠಕ್ಕೆ ಕೋಟೆಯಿದೆ, ಬಸ್ ನಿಲ್ದಾಣದ ಹತ್ತಿರವೇ. ಕಾಕತೀಯರ ಕಾಲದ, 1294ರ ಶಾಸನವಿರುವ ಒಂದೇ ಕಲ್ಲು ಅಲ್ಲಿ ಗೋಡೆಯಲ್ಲಿದೆ, ಸುಮಾರು 41 ಅಡಿ ಉದ್ದ. ಆ ಬಂಡೆಯನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮುನ್ನ ಶಾಲೆಯ ಅಂಗಳದಲ್ಲಿ ಅಷ್ಟುದ್ದದ ಗೆರೆಯನ್ನು ರಂಗೋಲಿಯಿಂದ ಎಳೆದು ಅವರನ್ನು ಸಾಲಾಗಿ ಮಲಗಿಸಿ. ಎಷ್ಟು ಜನ ಹಿಡಿಯುತ್ತಾರೆಂದು ಎಣಿಸಿಕೊಂಡು ಹೋದವರು ಕೋಟೆಯಲ್ಲಿ ಸುಮ್ಮನೆ ನೋಡಿ ಬರುವುದಿಲ್ಲ, ಎಷ್ಟು ಜೋಡಿ ಎಳೆದಿರಬೇಕು, ಗಾಲಿ ಯಾಕೆ ಮುರಿಯಲಿಲ್ಲ ಎಂದು ಕೇಳುತ್ತಾರೆ. ಶಾಸನದ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜಲು ಮಾತ್ರ ಬಿಡಬೇಡಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕರೆದೊಯ್ದರೆ ಗೆರೆಗಳು ತಾವಾಗಿಯೇ ಕಾಣುತ್ತವೆ.