ತಾಯಿಯ ಮಗ, ಮಕ್ಕಳ ತಾಯಿ: ಸಾನೆ ಗುರೂಜಿ



ಅರಸರ ಚರಿತ್ರೆಯನ್ನೂ ಕವಿಗಳ ಚರಿತ್ರೆಯನ್ನೂ ನೀವು ಪಠ್ಯಪುಸ್ತಕಗಳಲ್ಲಿ ಓದಿರುವಿರಿ. ಆದರೆ ಚಿಕ್ಕ ಊರೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿ, ಸಂಜೆ ಅವರ ಬಟ್ಟೆ ಒಗೆದು, ರಾತ್ರಿ ಅವರ ಜ್ವರಕ್ಕೆ ಪಟ್ಟಿ ಹಾಕಿದ ಉಪಾಧ್ಯಾಯನ ಚರಿತ್ರೆಯನ್ನು ಓದುವ ಪ್ರಸಂಗವು ಅಪರೂಪ. ಅಂಥ ಉಪಾಧ್ಯಾಯರೊಬ್ಬರು ನಮ್ಮ ನೆರೆಭಾಷೆಯಾದ ಮರಾಠಿಯಲ್ಲಿ ಆಗಿ ಹೋದರು. ಅವರ ಹೆಸರು ಪಾಂಡುರಂಗ ಸದಾಶಿವ ಸಾನೆ. ಲೋಕವು ಅವರನ್ನು ಸಾನೆ ಗುರೂಜಿ ಎಂದು ಕರೆಯಿತು.

ಗುರೂಜಿಯವರು 1899ನೆಯ ಇಸವಿ ಡಿಸೆಂಬರ 24ರಂದು ಕೊಂಕಣದ ಪಾಲಗಡ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಸದಾಶಿವರಾಯರು, ತಾಯಿ ಯಶೋದಾಬಾಯಿ. ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನವು ಇವರ ಬಾಲ್ಯದ ಹೊತ್ತಿಗೆ ಸಾಲಕ್ಕೆ ಸಿಕ್ಕಿ ಬಡತನಕ್ಕೆ ಇಳಿದಿತ್ತು. ಮನೆಯಲ್ಲಿ ಹಣವಿರಲಿಲ್ಲ, ಆದರೆ ತಾಯಿಯಿದ್ದಳು. ಆ ತಾಯಿಯೇ ಅವರ ಮೊದಲನೆಯ ಶಾಲೆ. ಮಗನು ಪರಊರಿನಲ್ಲಿ ಓದುತ್ತಿದ್ದ ಕಾಲದಲ್ಲಿ, 1917ರಲ್ಲಿ, ಆಕೆ ತೀರಿಕೊಂಡಳು. ಆ ಅಗಲಿಕೆಯ ನೋವು ಗುರೂಜಿಯವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ. ಆದರೆ ಅವರು ಅದನ್ನು ಎದೆಯಲ್ಲಿ ಬಚ್ಚಿಟ್ಟು ಕೊರಗಲಿಲ್ಲ. ತಾಯಿಯಿಂದ ಪಡೆದುದನ್ನೆಲ್ಲ ಪರರ ಮಕ್ಕಳಿಗೆ ಹಂಚಿದರು.

ಅಮಳನೇರಿನ ಆರು ವರ್ಷಗಳು

ಎಂ.ಎ. ಪದವಿಯನ್ನು ಪಡೆದ ಗುರೂಜಿಯವರಿಗೆ ಪಟ್ಟಣದಲ್ಲಿ ದೊಡ್ಡ ಹುದ್ದೆ ದೊರೆಯುವದು ಕಷ್ಟವಾಗಿರಲಿಲ್ಲ. ಅವರು ಆರಿಸಿಕೊಂಡುದು ಖಾನದೇಶದ ಅಮಳನೇರ ಎಂಬ ಸಣ್ಣ ಊರನ್ನು. ತತ್ತ್ವಜ್ಞಾನದ ಅಭ್ಯಾಸಕ್ಕಾಗಿ ಅಲ್ಲಿಗೆ ಹೋದವರು 1924ರಲ್ಲಿ ಅಲ್ಲಿಯ ಪ್ರೌಢಶಾಲೆಯ ಉಪಾಧ್ಯಾಯರಾದರು. ಮುಂದೆ ಅದರ ವಸತಿಗೃಹದ ಹೊಣೆಯೂ ಅವರ ಮೇಲೆ ಬಂದಿತು. ಈ ಕೆಲಸದಲ್ಲಿ ಅವರಿದ್ದುದು ಕೇವಲ ಆರು ವರ್ಷ. ಆದರೂ ‘ಗುರೂಜಿ’ ಎಂಬ ಹೆಸರು ಕೊನೆಯವರೆಗೆ ಅವರಿಗೆ ಅಂಟಿಕೊಂಡಿತು.

ಅದಕ್ಕೆ ಕಾರಣವೇನು? ವಸತಿಗೃಹದ ಹುಡುಗರು ಕೋಣೆಯನ್ನು ಹೊಲಸು ಮಾಡಿಟ್ಟರೆ ಅವರು ದಂಡ ವಿಧಿಸುತ್ತಿರಲಿಲ್ಲ. ತಾವೇ ಕಸಬರಿಗೆ ಹಿಡಿದು ಗುಡಿಸುತ್ತಿದ್ದರು. ಒಗೆಯದೆ ಬಿಟ್ಟ ಬಟ್ಟೆಗಳನ್ನು ಒಗೆದು, ಮಡಿಸದ ಹಾಸಿಗೆಗಳನ್ನು ಮಡಿಸಿಡುತ್ತಿದ್ದರು. ಕಾಯಿಲೆ ಬಿದ್ದವನ ಬಳಿ ರಾತ್ರಿಯೆಲ್ಲ ಕುಳಿತಿರುತ್ತಿದ್ದರು. ಗುರುವು ತನ್ನ ಅಂಗಿಯನ್ನು ಒಗೆದುದನ್ನು ಕಂಡ ಹುಡುಗನು ಮರುದಿನ ತಾನಾಗಿ ಎದ್ದು ಒಗೆದುಕೊಳ್ಳುವನು. ಬೆತ್ತಕ್ಕೆ ಹೆದರಿ ಕಲಿತ ಶಿಸ್ತು ಬೆತ್ತವು ಮರೆಯಾದೊಡನೆ ಮರೆಯಾಗುವದು. ನಾಚಿ, ಒಲಿದು ಕಲಿತ ಶಿಸ್ತು ಮೈಗೂಡುವದು.

ಇದಲ್ಲದೆ ಅವರು ಮಕ್ಕಳಿಗಾಗಿ ‘ಛಾತ್ರಾಲಯ’ವೆಂಬ ಕೈಬರಹದ ದಿನಪತ್ರಿಕೆಯನ್ನು ತಾವೇ ಬರೆದು ಹಚ್ಚುತ್ತಿದ್ದರು. ಲೋಕದ ವಾರ್ತೆ, ಮಹಾತ್ಮರ ಕಥೆ, ಕವಿತೆ, ಹಿತೋಪದೇಶ ಎಲ್ಲವೂ ಅದರಲ್ಲಿ ಇರುತ್ತಿದ್ದವು. 1928ರಲ್ಲಿ ‘ವಿದ್ಯಾರ್ಥಿ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅಚ್ಚಿನ ಪುಸ್ತಕಗಳು ದುರ್ಲಭವಾಗಿದ್ದ ಊರಿನಲ್ಲಿ ಒಬ್ಬ ಮಾಸ್ತರನ ಬರಹವೇ ಮಕ್ಕಳಿಗೆ ಗ್ರಂಥಾಲಯವಾಯಿತು.

ಸೆರೆಮನೆಯೂ ಶಾಲೆಯಾಯಿತು

1930ರಲ್ಲಿ ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹದ ಕರೆ ಬಂದಾಗ ಗುರೂಜಿಯವರು ನೌಕರಿಯನ್ನು ಬಿಟ್ಟು ಹೊರಟರು, ಸೆರೆಮನೆ ಸೇರಿದರು. ಅಲ್ಲಿಯೂ ಅವರ ಕಲಿಕೆ ನಿಲ್ಲಲಿಲ್ಲ. ತಿರುಚಿನಾಪಳ್ಳಿಯ ಸೆರೆಯಲ್ಲಿದ್ದಾಗ ದಕ್ಷಿಣದ ಬಂಧುಗಳ ಒಡನಾಟದಿಂದ ತಮಿಳನ್ನು ಕಲಿತರು; ಮುಂದೆ ತಿರುವಳ್ಳುವರರ ‘ತಿರುಕ್ಕುರಳ್’ ಗ್ರಂಥವನ್ನು ಮರಾಠಿಗೆ ತಂದರು. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ವಿನೋಬಾ ಭಾವೆಯವರು ವಾರಕ್ಕೊಂದರಂತೆ ಭಗವದ್ಗೀತೆಯ 18 ಅಧ್ಯಾಯಗಳ ಮೇಲೆ ಪ್ರವಚನ ಮಾಡಿದರು. ಅವನ್ನು ಕೇಳುತ್ತ ಕೇಳುತ್ತ ಬರೆದುಕೊಂಡವರು ಸಾನೆ ಗುರೂಜಿ. ಇಂದು ನಾವು ‘ಗೀತಾ ಪ್ರವಚನ’ವೆಂದು ಓದುವ ಗ್ರಂಥವು ಆ ಬರಹದಿಂದಲೇ ಉಳಿದು ಬಂದುದು. ಮಾತನಾಡಿದವರಷ್ಟೇ ಶ್ರದ್ಧೆಯಿಂದ ಕೇಳಿದವರೂ ಇದ್ದುದರಿಂದ ಆ ಜ್ಞಾನವು ನಮಗೆ ದಕ್ಕಿತೆಂಬುದನ್ನು ಮರೆಯಬಾರದು.

1933ರ ಫೆಬ್ರುವರಿಯಲ್ಲಿ ನಾಶಿಕದ ಸೆರೆಮನೆಯಲ್ಲಿ ಐದೇ ದಿನಗಳಲ್ಲಿ ‘ಶ್ಯಾಮಚೀ ಆಈ’, ಎಂದರೆ ‘ಶ್ಯಾಮನ ತಾಯಿ’, ಎಂಬ ಪುಸ್ತಕದ ಬಹುಭಾಗವನ್ನು ಬರೆದರು. 1935ರಲ್ಲಿ ಪ್ರಕಟವಾದ ಈ ಪುಸ್ತಕದಲ್ಲಿ ಶ್ಯಾಮನೆಂಬುವನು ಆಶ್ರಮದ ಗೆಳೆಯರಿಗೆ 42 ರಾತ್ರಿಗಳಲ್ಲಿ ತನ್ನ ತಾಯಿಯ ಕಥೆಯನ್ನು ಹೇಳುತ್ತಾನೆ. ಆಚಾರ್ಯ ಅತ್ರೆಯವರು 1953ರಲ್ಲಿ ಇದನ್ನು ಚಲಚ್ಚಿತ್ರವಾಗಿ ತಂದರು. ಅದಕ್ಕೆ ರಾಷ್ಟ್ರಪತಿಯವರ ಸುವರ್ಣಪದಕ ದೊರೆಯಿತು.

ಅದರಲ್ಲಿಯ ಒಂದು ಪ್ರಸಂಗ ಹೀಗಿದೆ. ಸ್ನಾನವಾದ ಮೇಲೆ ಬಾಲಕ ಶ್ಯಾಮನು, ಒದ್ದೆ ಅಂಗಾಲಿಗೆ ಮಣ್ಣು ಹತ್ತೀತೆಂದು, ಸೆರಗನ್ನು ಹಾಸೆಂದು ತಾಯಿಗೆ ಹಟ ಮಾಡುತ್ತಾನೆ. ಆಕೆ ಸೆರಗು ಹಾಸುತ್ತಾಳೆ. ಆಮೇಲೆ, ಕಾಲಿಗೆ ಹೊಲಸು ತಾಗಬಾರದೆಂದು ಎಷ್ಟು ಜೋಕೆ ಮಾಡುವೆಯೋ ಮನಸ್ಸಿಗೂ ಅಷ್ಟೇ ಜೋಕೆ ಮಾಡೆಂದು ತಿಳಿಹೇಳುತ್ತಾಳೆ. ಇನ್ನೊಂದು ಪ್ರಸಂಗದಲ್ಲಿ ಅಸ್ಪೃಶ್ಯಳೆನಿಸಿದ ಮುದುಕಿಯ ಕಟ್ಟಿಗೆಯ ಹೊರೆ ಕೆಳಗೆ ಬಿದ್ದಿದೆ. ಎತ್ತಲು ಯಾರೂ ಮುಂದಾಗುವದಿಲ್ಲ. ತಾಯಿಯು ಮಗನಿಗೆ, ಹೋಗಿ ಹೊರೆಯನ್ನು ಎತ್ತಿಕೊಡು, ಬಂದು ಸ್ನಾನ ಮಾಡು ಎನ್ನುತ್ತಾಳೆ. ಆಕೆ ಅಂದಿನ ರೂಢಿಯನ್ನು ಪೂರ್ತಿ ಮೀರಲಾರಳು. ಆದರೆ ರೂಢಿಗಿಂತ ಕರುಣೆಯನ್ನು ಮೊದಲು ಇಟ್ಟಳು. ಅಲ್ಲಿಂದ ಮುಂದಿನ ಹೆಜ್ಜೆಯನ್ನು ಇಡುವ ಕೆಲಸ ಮಗನ ಪಾಲಿಗೆ ಉಳಿಯಿತು.

ಪಂಢರಪುರದ ಬಾಗಿಲು

ಆ ಹೆಜ್ಜೆಯು ಬಿದ್ದುದು ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ. ಪಂಢರಿಯು ಕನ್ನಡಿಗರಿಗೆ ಪರಕೀಯವಲ್ಲ. ನಮ್ಮ ಹರಿದಾಸರ ಅಂಕಿತಗಳಲ್ಲಿ ವಿಠಲನ ಹೆಸರೇ ಮೊಳಗುವದು. ಜ್ಞಾನದೇವರು ತಮ್ಮ ಅಭಂಗವೊಂದರಲ್ಲಿ ವಿಠಲನನ್ನು ಕಾನಡಿಗನೆಂದೇ ಬಣ್ಣಿಸಿದ್ದಾರೆ. ಗುರೂಜಿಯವರ ಹೆಸರೂ ಆ ದೇವರದೇ. ಎಲ್ಲ ಜಾತಿಯ ಸಂತರು ಹಾಡಿ ಕೊಂಡಾಡಿದ ಆ ದೇವರ ಗುಡಿಯ ಬಾಗಿಲು ಹರಿಜನರಿಗೆ ಮಾತ್ರ ಮುಚ್ಚಿತ್ತು.

ಗುರೂಜಿಯವರು ಮಹಾರಾಷ್ಟ್ರವನ್ನೆಲ್ಲ ಸುತ್ತಿ ಜನಮನವನ್ನು ಹದಗೊಳಿಸಿದರು. ಬಳಿಕ 1947ರ ಮೇ 1ರಂದು ಪಂಢರಪುರದ ತನಪುರೆ ಮಹಾರಾಜರ ಮಠದಲ್ಲಿ ಉಪವಾಸಕ್ಕೆ ಕುಳಿತರು. ಸುಮಾರು 10 ದಿನಗಳ ಉಪವಾಸದ ತರುವಾಯ ಗುಡಿಯನ್ನು ಎಲ್ಲರಿಗೂ ತೆರೆಯುವ ಒಪ್ಪಿಗೆ ದೊರೆಯಿತು. ಇದು ದೇವರನ್ನು ಒಲ್ಲದವನ ಹೋರಾಟವಾಗಿರಲಿಲ್ಲ. ದೇವರನ್ನು ಬಹಳವಾಗಿ ನಂಬಿದವನ ಹೋರಾಟವಾಗಿತ್ತು. ತಾಯಿಯು ಎಲ್ಲ ಮಕ್ಕಳಿಗೂ ತಾಯಿಯಾಗಿರುವಾಗ, ಒಂದು ಮಗುವನ್ನು ಹೊರಗೆ ನಿಲ್ಲಿಸಿ ಉಣ್ಣುವ ಉಳಿದವರ ಊಟ ರುಚಿಸುವದೆಂತು?

ನೆರೆಮನೆಯ ಭಾಷೆ

1948ರ ಆಗಸ್ಟ 15ರಂದು ಗುರೂಜಿಯವರು ‘ಸಾಧನಾ’ ವಾರಪತ್ರಿಕೆಯನ್ನು ತೆರೆದರು. ಅದು ಇಂದಿಗೂ ಪುಣೆಯಿಂದ ಹೊರಡುತ್ತಿದೆ. ಅವರು ಮದುವೆಯಾಗಿರಲಿಲ್ಲ, ಆದರೂ ಮನೆಯವರನ್ನು ಮರೆತಿರಲಿಲ್ಲ. ಸಹೋದರನ ಮಗಳಿಗೆ ಅವರು ಬರೆದ ಪತ್ರಗಳು ‘ಸುಂದರ ಪತ್ರೇ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಅವರ ಕೊನೆಯ ಕನಸು ‘ಆಂತರಭಾರತಿ’. ಒಂದು ಪ್ರಾಂತದವರು ಇನ್ನೊಂದು ಪ್ರಾಂತದ ಭಾಷೆಯನ್ನು ಕಲಿಯಬೇಕು, ಅದರ ಸಾಹಿತ್ಯವನ್ನು ಓದಬೇಕು, ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬಾಳಬೇಕು ಎಂಬುದು ಅದರ ತಿರುಳು.

ಗಡಿಯ ಈಚೆಗೆ ನಿಂತು ಕನ್ನಡ ಕಲಿಯುವ ನಮಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ಸಲ್ಲುವದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಇದು ನಮ್ಮ ನಿತ್ಯದ ಬಾಳು. ಮರಾಠಿಯನ್ನು ಚೆನ್ನಾಗಿ ಕಲಿಯುವದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ. ಕನ್ನಡವನ್ನು ಪ್ರೀತಿಸುವದಕ್ಕಾಗಿ ಮರಾಠಿಯನ್ನು ದ್ವೇಷಿಸಬೇಕಾಗಿಲ್ಲ. ತನ್ನ ತಾಯಿಯನ್ನು ಪ್ರೀತಿಸಬಲ್ಲವನೇ ಪರರ ತಾಯಿಗೆ ಕೈಮುಗಿಯಬಲ್ಲನು.

ಗುರೂಜಿಯವರ ಅಂತ್ಯವು ದುಃಖಕರವಾದುದು. ದೇಶದ ಕಷ್ಟಗಳನ್ನು ಕಂಡು ತುಂಬ ನೊಂದುಕೊಂಡ ಅವರು 1950ರ ಜೂನ್ 11ರಂದು ತಾವಾಗಿ ಪ್ರಾಣವನ್ನು ತೊರೆದರು. ಇದನ್ನು ಮುಚ್ಚಿಡುವದು ಸರಿಯಲ್ಲ; ಇದನ್ನು ಆದರ್ಶವೆಂದು ತಿಳಿಯುವದಂತೂ ಸರ್ವಥಾ ಸಲ್ಲದು. ಎಲ್ಲರ ಕಣ್ಣೀರು ಒರೆಸಿದವರಿಗೂ ತಮ್ಮ ಕಣ್ಣೀರು ಒರೆಸುವವರು ಬೇಕಾಗುತ್ತಾರೆ. ಮಕ್ಕಳೇ, ಮನಸ್ಸು ಭಾರವಾದಾಗ ಅದನ್ನು ಒಬ್ಬರೇ ಹೊರಬೇಡಿರಿ. ತಾಯಿತಂದೆಗಳಿಗೆ, ಗುರುಗಳಿಗೆ ಹೇಳಿರಿ.

ಪಾಲಕರಲ್ಲಿ ಒಂದು ಬಿನ್ನಹ. ಯಶೋದಾಬಾಯಿಯು ಹೆಚ್ಚು ಓದಿದವಳಲ್ಲ, ಹಣವಂತಳೂ ಅಲ್ಲ. ಆಕೆ ಮಗನ ಹತ್ತಿರ ಕುಳಿತು ಮಾತನಾಡಿದಳು, ಅಷ್ಟೇ. ದಿನಕ್ಕೆ ಅರ್ಧ ತಾಸನ್ನಾದರೂ ಮಕ್ಕಳೊಡನೆ ನಮ್ಮ ನುಡಿಯಲ್ಲಿ ಮಾತನಾಡುತ್ತ ಕಳೆಯಿರಿ. ಶಾಲೆಯು ಕಲಿಸಲಾರದ ಪಾಠವು ಆ ಅರ್ಧ ತಾಸಿನಲ್ಲಿ ಇರುವದು.

ಅಭ್ಯಾಸ

1. ವಸತಿಗೃಹದ ಹುಡುಗರಿಗೆ ಗುರೂಜಿಯವರು ಶಿಸ್ತನ್ನು ಕಲಿಸಿದ ಬಗೆ ಯಾವದು? ಅದು ದಂಡನೆಗಿಂತ ಹೇಗೆ ಮೇಲಾದುದು?
2. ಕಟ್ಟಿಗೆಯ ಹೊರೆಯ ಪ್ರಸಂಗಕ್ಕೂ ಪಂಢರಪುರದ ಉಪವಾಸಕ್ಕೂ ಇರುವ ಸಂಬಂಧವನ್ನು ವಿವರಿಸಿರಿ.
3. ನಿಮ್ಮ ತಾಯಿಯವರು ಹೇಳಿದ ಒಂದು ಬುದ್ಧಿಮಾತನ್ನು ಅವರ ನುಡಿಯಲ್ಲಿಯೇ ಕೇಳಿ ಬರೆದುಕೊಂಡು ಬನ್ನಿರಿ.
4. ನೆರೆಯ ಮರಾಠಿ ಗೆಳೆಯನಿಂದ ಒಂದು ಕಥೆಯನ್ನು ಕೇಳಿ ಕನ್ನಡದಲ್ಲಿ ಬರೆಯಿರಿ. ನಮ್ಮದೊಂದನ್ನು ಅವನಿಗೆ ಹೇಳಿರಿ.