ಇಡೀ ಮಗುವನ್ನು ನೋಡುವ ವೈದ್ಯರು

ಒಂದಕ್ಕಿಂತ ಹೆಚ್ಚು ಅಂಗಗಳ ತೊಂದರೆ ವರ್ಷಗಟ್ಟಲೆ ಉಳಿದು, ಔಷಧಿ, ಉಪಕರಣ ಮತ್ತು ಬೇರೆ ಬೇರೆ ತಜ್ಞರ ನೆರವಿನಿಂದಲೇ ಬೆಳೆಯಬೇಕಾದ ಮಕ್ಕಳನ್ನು ಸಂಕೀರ್ಣ ವೈದ್ಯಕೀಯ ಅಗತ್ಯವುಳ್ಳವರೆಂದು ಗುರುತಿಸಲಾಗುತ್ತದೆ. ಬೆಳೆಯುತ್ತಿರುವ ಮಿದುಳಿಗಾದ ಹಾನಿಯಿಂದ ಚಲನೆಯ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯಲ್ಲಿ ಫಿಟ್ಸ್, ನುಂಗುವ ಕಷ್ಟ, ಸೊಂಟದ ಕೀಲು ಜಾರುವುದು ಜೊತೆಗೂಡುವುದು ಇದಕ್ಕೆ ಸಾಮಾನ್ಯ ಉದಾಹರಣೆ.

ಹೊಸೂರು ರಸ್ತೆಯ ನಿಮ್ಹಾನ್ಸ್, ಅದರ ಆಸುಪಾಸಿನಲ್ಲೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಜಯನಗರದ ಜಯದೇವ ಹೃದ್ರೋಗ ಸಂಸ್ಥೆ, ಭೈರಸಂದ್ರದ ಸಂಜಯ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆ ಇವೆಲ್ಲ ಕೆಲವೇ ಕಿಲೋಮೀಟರುಗಳ ಒಳಗಿರುವ ದಕ್ಷಿಣ ಬೆಂಗಳೂರು ಇಂಥ ಮಕ್ಕಳ ಪಾಲಿಗೆ ಅನುಕೂಲದ ಪ್ರದೇಶವೇ ಸರಿ. ಆದರೂ ಅಂಥ ಮಗುವನ್ನು ಬನಶಂಕರಿಯಲ್ಲಿ ಸಾಕುತ್ತಿರುವ ಈ ಲೇಖಕಿಗೆ ಅನುಭವದಿಂದ ತಿಳಿದದ್ದೆಂದರೆ, ಆಸ್ಪತ್ರೆಗಳು ಹತ್ತಿರವಿದ್ದ ಮಾತ್ರಕ್ಕೆ ಚಿಕಿತ್ಸೆಗಳು ಒಂದಕ್ಕೊಂದು ಹತ್ತಿರವಾಗುವುದಿಲ್ಲ. ಒಂದೊಂದು ಅಂಗಕ್ಕೂ ಒಂದೊಂದು ಫೈಲು ಇರುವಲ್ಲಿ, ಅವುಗಳನ್ನು ಜೋಡಿಸಿ ಓದುವ ಕೆಲಸ ತಾಯಿಯ ಪಾಲಿಗೇ ಬರುತ್ತದೆ.

ಈ ಜೋಡಣೆ ತಪ್ಪಿದರೆ ಅಪಾಯ ಸಣ್ಣದಲ್ಲ. ಫಿಟ್ಸ್‌ಗಾಗಿ ಕಾರ್ಬಮಜೆಪಿನ್ ಸೇವಿಸುವ ಮಗುವಿಗೆ, ಅದನ್ನು ತಿಳಿಯದ ವೈದ್ಯರು ಕೆಮ್ಮಿಗೆಂದು ಕ್ಲಾರಿಥ್ರೊಮೈಸಿನ್ ಬರೆದರೆ, ಯಕೃತ್ತಿನಲ್ಲಿ ಮೊದಲ ಔಷಧಿಯ ವಿಭಜನೆ ಕುಂಠಿತಗೊಂಡು ರಕ್ತದಲ್ಲಿ ಅದರ ಪ್ರಮಾಣ ಏರಿ, ಮಂಪರು, ವಾಂತಿ, ನಡಿಗೆಯ ತೂರಾಟ ಕಾಣಿಸಿಕೊಳ್ಳಬಹುದು. ಮಕ್ಕಳ ಔಷಧಿಯ ಪ್ರಮಾಣ ತೂಕವನ್ನು ಅವಲಂಬಿಸಿರುವುದರಿಂದ, ಹಳೆಯ ಚೀಟಿಯ ಪ್ರಮಾಣವನ್ನೇ ಮುಂದುವರಿಸುತ್ತ ಹೋದರೆ ಬೆಳೆದ ಮಗುವಿಗೆ ಅದು ಸಾಲದೆಯೂ ಹೋಗಬಹುದು. ಆದ್ದರಿಂದ ರೋಗಗಳ ಹೆಸರು, ಇತ್ತೀಚಿನ ತೂಕ, ಔಷಧಿಗಳ ಪ್ರಮಾಣ, ಅಲರ್ಜಿ, ತುರ್ತಿನಲ್ಲಿ ಮಾಡಬೇಕಾದ್ದು ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಸಿ, ವೈದ್ಯರ ಸಹಿ ಪಡೆದು ಇಟ್ಟುಕೊಳ್ಳುವುದು ದಪ್ಪ ಫೈಲಿಗಿಂತ ಹೆಚ್ಚು ಉಪಯುಕ್ತ. ರಾತ್ರಿಯ ತುರ್ತು ವಿಭಾಗದಲ್ಲಿ ಇನ್ನೂರು ಪುಟ ತಿರುವಿಹಾಕಲು ಯಾರಿಗೂ ವ್ಯವಧಾನವಿರುವುದಿಲ್ಲ.

ಸರ್ಕಾರದ ನೆರವು ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಸುತ್ತದೆ. ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ಅಂಗವಿಕಲತೆಯುಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸುತ್ತದೆ. ಆದರೆ ಇವೆಲ್ಲ ರೋಗದ ಹೆಸರನ್ನು ಹಿಡಿದು ನಡೆಯುವ ವ್ಯವಸ್ಥೆಗಳು. ನಾಲ್ಕು ತಜ್ಞರ ಸಲಹೆಗಳನ್ನು ಕೂಡಿಸಿ ಒಂದು ತೀರ್ಮಾನಕ್ಕೆ ಬರಲು ಬೇಕಾದ ವೈದ್ಯರ ಸಮಯಕ್ಕೆ ಇವುಗಳಲ್ಲಿ ಬೆಲೆ ಕಟ್ಟಿಲ್ಲ.

ಇಂಥ ಪ್ರತಿ ಮಗುವಿಗೂ ಹೊಣೆ ಹೊರುವ ಒಬ್ಬ ಮಕ್ಕಳ ವೈದ್ಯರನ್ನು ಹೆಸರಿಸಿ ನೇಮಿಸುವುದು, ತಜ್ಞರ ಭೇಟಿಗಳನ್ನು ಸಾಧ್ಯವಾದಷ್ಟು ಒಂದೇ ದಿನಕ್ಕೆ ಹೊಂದಿಸುವುದು ಹೊಸ ಕಟ್ಟಡ ಬೇಡದ ಸುಧಾರಣೆಗಳಾಗಿದ್ದು, ಆರೋಗ್ಯ ಇಲಾಖೆ ಇವನ್ನು ಮೊದಲು ಕೈಗೆತ್ತಿಕೊಳ್ಳಬೇಕು.