ಕೈಗೆ ಒಲಿಯುವ ಪಿಸ್ತೂಲು

ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು, ದೊಡ್ಡ ಕೈಗೆ ದೊಡ್ಡ ಪಿಸ್ತೂಲು ಎಂಬುದು ಬಹುಜನರ ಎಣಿಕೆ. ಹೊಸಬನೊಬ್ಬನು ಗುರಿ ಹೊಡೆಯುವ ವಿದ್ಯೆಯನ್ನು ಕಲಿಯಹೊರಟರೆ, 'ಹಗುರವಾದುದನ್ನು ಹಿಡಿ, ಕೈ ಸೋಲುವುದಿಲ್ಲ' ಎಂದು ಹಿತೈಷಿಗಳು ಬುದ್ಧಿ ಹೇಳುವುದೂ ಸಹಜವೇ. ಆದರೆ ಗುಂಡು ಹಾರಿಸುವ ಮೈದಾನದಲ್ಲಿ ಕಾಣುವ ಸಂಗತಿ ಇದಕ್ಕೆ ತಿರುಗುಮುರುಗಾದುದು. ಅಂಗೈಯಲ್ಲಿ ಅಡಗುವ ಪುಟ್ಟ ಪಿಸ್ತೂಲು ಪಳಗಿದವನನ್ನೂ ಕಾಡುತ್ತದೆ. ಗೇಣುದ್ದದ, ಕಿಲೋಗ್ರಾಮಿನ ಆಸುಪಾಸು ತೂಗುವ, ಸೈನಿಕರು ಸೊಂಟದಲ್ಲಿ ಧರಿಸುವಂಥ ಪೂರ್ಣ ಗಾತ್ರದ ಪಿಸ್ತೂಲು ಹೊಸಬನಿಗೂ ಬೇಗ ಒಲಿಯುತ್ತದೆ. ಇದೇಕೆ ಹೀಗೆಂಬುದನ್ನು ತಿಳಿಯಲು ನಮಗೆ ಪ್ರೌಢಶಾಲೆಯ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಉದಾಹರಣೆಗೆ ಒಂದು ಹೆಸರಾಂತ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ಸೈನ್ಯ ಹೊಸದೊಂದು ಪಿಸ್ತೂಲನ್ನು ಹುಡುಕುತ್ತಿತ್ತು. ಫಿಲಿಪ್ಪೀನ್ ದ್ವೀಪಗಳ ಕಾಳಗಗಳಲ್ಲಿ ತನ್ನ 0.38 ಅಂಗುಲದ ರಿವಾಲ್ವರುಗಳು ಸಾಲವೆಂದು ಅದಕ್ಕೆ ತೋರಿತ್ತು. 1904ರಲ್ಲಿ ನಡೆಸಿದ ಪ್ರಯೋಗಗಳ ತರುವಾಯ, ಹೊಸ ಪಿಸ್ತೂಲಿನ ಗುಂಡು 0.45 ಅಂಗುಲಕ್ಕಿಂತ ಕಿರಿದಾಗಿರಬಾರದು ಎಂಬ ತೀರ್ಮಾನವಾಯಿತು. ಹಲವು ತಯಾರಕರು ತಮ್ಮ ತಮ್ಮ ಮಾದರಿಗಳನ್ನು ಒಪ್ಪಿಸಿದರು. ಕೊನೆಗೆ ಕಣದಲ್ಲಿ ಉಳಿದವು ಎರಡೇ: ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು ಮತ್ತು ಸ್ಯಾವೇಜ್ ಸಂಸ್ಥೆಯ ಪಿಸ್ತೂಲು. 1911ರ ಮಾರ್ಚಿಯಲ್ಲಿ ಇವೆರಡರಿಂದಲೂ ತಲಾ 6,000 ಗುಂಡುಗಳನ್ನು ಹಾರಿಸಲಾಯಿತು. ಸ್ಯಾವೇಜ್ 37 ಬಾರಿ ತಡವರಿಸಿತು. ಕೋಲ್ಟ್ ಒಂದು ಬಾರಿಯೂ ನಿಲ್ಲಲಿಲ್ಲ. ಅದೇ ತಿಂಗಳ 29ರಂದು ಸೈನ್ಯ ಅದನ್ನು ಅಂಗೀಕರಿಸಿತು. 'ಎಂ 1911' ಎಂಬ ಹೆಸರು ಬಂದುದು ಹೀಗೆ. 1985ರವರೆಗೂ ಅದೇ ಆ ಸೈನ್ಯದ ಮುಖ್ಯ ಪಿಸ್ತೂಲಾಗಿ ನಿಂತಿತು; ಇಂದಿಗೂ ಅದರ ಮಾದರಿಯವು ತಯಾರಾಗುತ್ತಿವೆ.

ಇದರ ಅಳತೆಗಳನ್ನು ಗಮನಿಸಬೇಕು. ಗುಂಡು ತುಂಬದೆ ತೂಕ ಸುಮಾರು 1.1 ಕಿಲೋಗ್ರಾಂ. ನಳಿಗೆಯ ಉದ್ದ 127 ಮಿಲಿಮೀಟರು. ಗುಂಡಿನ ತೂಕ ಸುಮಾರು 15 ಗ್ರಾಂ. ಅದು ನಳಿಗೆಯನ್ನು ಬಿಡುವಾಗ ಇರುವ ವೇಗ ಸೆಕೆಂಡಿಗೆ ಸುಮಾರು 255 ಮೀಟರು.

ಗುಂಡು ಮುಂದಕ್ಕೆ ಹೋದರೆ ಪಿಸ್ತೂಲು ಹಿಂದಕ್ಕೆ ಒದೆಯಲೇಬೇಕು; ಇದು ನ್ಯೂಟನ್ನನ ಮೂರನೆಯ ನಿಯಮ. ಗುಂಡಿಗೆ ಬಂದ ಸಂವೇಗ, ಎಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, 0.015 × 255, ಎಂದರೆ ಸುಮಾರು 3.8 ಮಾನ. ಅಷ್ಟೇ ಸಂವೇಗ ಪಿಸ್ತೂಲಿಗೂ ಹಿಮ್ಮುಖವಾಗಿ ಬರುತ್ತದೆ. (ಮದ್ದಿನ ಅನಿಲವೂ ತನ್ನ ಪಾಲನ್ನು ಸೇರಿಸುತ್ತದೆ, ಲೆಕ್ಕ ಸರಳವಾಗಲೆಂದು ಅದನ್ನು ಇಲ್ಲಿ ಬಿಟ್ಟಿದ್ದೇವೆ.) 3.8ನ್ನು 1.1ರಿಂದ ಭಾಗಿಸಿದರೆ ಪಿಸ್ತೂಲಿನ ಹಿಂಚಲನೆಯ ವೇಗ ದೊರೆಯುತ್ತದೆ: ಸೆಕೆಂಡಿಗೆ ಸುಮಾರು ಮೂರೂವರೆ ಮೀಟರು. ಆದರೆ ಕೈಗೆ ತಟ್ಟುವ ಪೆಟ್ಟನ್ನು ಅಳೆಯಲು ವೇಗವೊಂದೇ ಸಾಲದು; ಚಲನಶಕ್ತಿಯನ್ನೂ ನೋಡಬೇಕು. ಸಂವೇಗದ ವರ್ಗವನ್ನು ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿದರೆ ಅದು ಬರುತ್ತದೆ. ಇಲ್ಲಿ ಅದು ಸುಮಾರು 6.6 ಜೂಲ್.

ಈಗ ಇದೇ ಗುಂಡನ್ನು 700 ಗ್ರಾಂ ತೂಗುವ ಹಗುರ ಪಿಸ್ತೂಲಿನಿಂದ ಹಾರಿಸಿದೆವೆನ್ನೋಣ. ಸಂವೇಗ ಅದೇ 3.8. ಆದರೆ ಹಿಂಚಲನೆಯ ವೇಗ ಸೆಕೆಂಡಿಗೆ 5.4 ಮೀಟರಿಗೆ ಏರುತ್ತದೆ, ಶಕ್ತಿ 10.3 ಜೂಲಿಗೆ ಏರುತ್ತದೆ. ತೂಕದಲ್ಲಿ 400 ಗ್ರಾಮನ್ನು ಉಳಿಸಿದವನು ಪೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೇಲೆ ತೆತ್ತನು! 'ಹಗುರವಾದುದನ್ನು ಹಿಡಿ' ಎಂದ ಹಿತೈಷಿ ಪಿಸ್ತೂಲನ್ನು ಹೊತ್ತು ತಿರುಗುವವನ ಹಿತವನ್ನು ನೆನೆದನೇ ಹೊರತು, ಅದನ್ನು ಹಾರಿಸುವವನ ಹಿತವನ್ನಲ್ಲ.

ಒದೆತದ ಮಾತು ಇಲ್ಲಿಗೇ ಮುಗಿಯಲಿಲ್ಲ. ನಳಿಗೆಯು ಮುಷ್ಟಿಗಿಂತ ಮೇಲಿರುವುದರಿಂದ ಒದೆತ ನೇರವಾಗಿ ಹಿಂದಕ್ಕೆ ಬಾರದೆ ಪಿಸ್ತೂಲಿನ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಬಾಗಿಲನ್ನು ತಿರುಗುಣಿಯಿಂದ ದೂರದಲ್ಲಿ ತಳ್ಳಿದಂತೆ, ನಳಿಗೆ ಎತ್ತರದಲ್ಲಿದ್ದಷ್ಟೂ ಈ ತಿರುಚು ಹೆಚ್ಚು. ಮುಂಭಾಗದಲ್ಲಿ ತೂಕವುಳ್ಳ ಉದ್ದನೆಯ ಪಿಸ್ತೂಲು ಅಷ್ಟು ಸುಲಭವಾಗಿ ತಿರುಗಲೊಲ್ಲದು. ಉದ್ದನೆಯ ಹಿಡಿಯಲ್ಲಿ ಕಿರುಬೆರಳಿಗೂ ನೆಲೆಯುಂಟು. ಕಿರಿಯ ಪಿಸ್ತೂಲಿನಲ್ಲಿ ಕಿರುಬೆರಳು ಗಾಳಿಯಲ್ಲಿ ತೂಗುತ್ತದೆ.

ಇಷ್ಟು ಓದಿದವರು, ಒದೆತದಿಂದಲೇ ಗುರಿ ತಪ್ಪುತ್ತದೆಂದು ತಿಳಿದಾರು. ಇಲ್ಲಿ ಒಂದು ಸೋಜಿಗವಿದೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ. ಆ ಅವಧಿಯಲ್ಲಿ ಪಿಸ್ತೂಲು ಎಷ್ಟು ಹಿಂದೆ ಸರಿದೀತು? ಇಡೀ ಪಿಸ್ತೂಲು ಒಂದೇ ಗಟ್ಟಿ ತುಂಡೆಂದು ಭಾವಿಸಿದರೆ, ಗುಂಡು ಕ್ರಮಿಸಿದ ದೂರಕ್ಕೂ ಪಿಸ್ತೂಲು ಸರಿದ ದೂರಕ್ಕೂ ಇರುವ ಪ್ರಮಾಣ ಅವುಗಳ ತೂಕಗಳ ವಿಲೋಮ ಪ್ರಮಾಣವೇ. 127 ಮಿಲಿಮೀಟರಿನಲ್ಲಿ 1,100ಕ್ಕೆ 15 ಭಾಗವೆಂದರೆ ಎರಡು ಮಿಲಿಮೀಟರಿಗೂ ಕಡಿಮೆ. ಕೈಗೆ ಪೆಟ್ಟು ತಟ್ಟಿತೆಂದು ಮಿದುಳಿಗೆ ತಿಳಿಯುವ ಹೊತ್ತಿಗೆ ಗುಂಡು ಫಲಕವನ್ನು ತೂರಿ ಆಗಿರುತ್ತದೆ.

ಹಾಗಾದರೆ ಗುರಿ ಕೆಡಿಸುವವರು ಯಾರು? ನಾವೇ! ಮುಂದೆ ಬರಲಿರುವ ಪೆಟ್ಟಿಗೆ ಹೆದರಿದ ಕೈ, ಗುಂಡು ಹೊರಡುವ ಮುನ್ನವೇ ಮಣಿಕಟ್ಟನ್ನು ಬಿಗಿದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಕಣ್ಣು ತಾನಾಗಿ ಮುಚ್ಚುತ್ತದೆ. ಎನ್.ಸಿ.ಸಿ. ಶಿಬಿರದಲ್ಲಿ ಮೊದಲ ಗುಂಡನ್ನು ಹಾರಿಸಿದಾಗ ನಾವೂ ಕಣ್ಣು ಮುಚ್ಚಿದವರೇ. ಅದೂ ಒದೆತವೇ ಇಲ್ಲವೆನ್ನಬಹುದಾದ ಸಣ್ಣ ರೈಫಲಿನಲ್ಲಿ! ತರಬೇತುಗಾರರು ಇದನ್ನು ಬಯಲಿಗೆಳೆಯಲು ಒಂದು ಉಪಾಯವನ್ನು ಬಳಸುತ್ತಾರೆ. ಕಲಿಯುವವನಿಗೆ ತಿಳಿಯದಂತೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಹುಸಿ ತೋಟಾವೊಂದನ್ನು ಸೇರಿಸುವುದು. ಕುದುರೆಯನ್ನು ಎಳೆದಾಗ ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೂ ಪಿಸ್ತೂಲಿನ ಮೂತಿ ಥಟ್ಟನೆ ಕೆಳಗೆ ಬಾಗುತ್ತದೆ. ಹಾರಿಸಿದವನು ನಾಚುತ್ತಾನೆ. ಭಾರವಾದ ಪಿಸ್ತೂಲಿನ ದೊಡ್ಡ ಉಪಕಾರ ಇಲ್ಲಿದೆ: ಅದು ಕಡಿಮೆ ಒದೆಯುವುದರಿಂದ ಕಡಿಮೆ ಹೆದರಿಸುತ್ತದೆ.

ಇನ್ನು ನೋಟದ ವಿಚಾರ. ಪಿಸ್ತೂಲಿನ ಮೂತಿಯ ಬಳಿ ಒಂದು ಗುರಿಮೊನೆ, ಹಿಂಬದಿಯಲ್ಲಿ ಒಂದು ಕಚ್ಚು ಇರುತ್ತವೆ. ಕಚ್ಚಿನ ನಡುವೆ ಮೊನೆ ಸರಿಯಾಗಿ ನಿಲ್ಲುವಂತೆ ಕಣ್ಣಿನಿಂದ ಹೊಂದಿಸಬೇಕು. ಎಂ 1911ರಲ್ಲಿ ಇವೆರಡರ ನಡುವಣ ಅಂತರ ಸುಮಾರು 165 ಮಿಲಿಮೀಟರು. ಮೊನೆಯು ಕಚ್ಚಿನ ನಡುವಿನಿಂದ ಅರ್ಧ ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದಿದೆಯೆನ್ನೋಣ. ಸಮರೂಪ ತ್ರಿಭುಜಗಳ ನಿಯಮದಂತೆ, 25 ಮೀಟರು ದೂರದ ಫಲಕದಲ್ಲಿ ಗುಂಡು 76 ಮಿಲಿಮೀಟರು ಪಕ್ಕಕ್ಕೆ ಬೀಳುತ್ತದೆ. ಅಂತರ 100 ಮಿಲಿಮೀಟರೇ ಇರುವ ಪುಟ್ಟ ಪಿಸ್ತೂಲಿನಲ್ಲಿ ಅದೇ ತಪ್ಪಿಗೆ 125 ಮಿಲಿಮೀಟರಿನ ದಂಡ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 25 ಮೀಟರಿನ ನಿಧಾನ ಗುರಿಯ ಫಲಕದ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರು ಎಂಬುದನ್ನು ನೆನೆದರೆ, ಇದೆಂಥ ದಂಡವೆಂದು ತಿಳಿಯುತ್ತದೆ.

ಆದರೆ ಉದ್ದನೆಯ ನಳಿಗೆಯೇ ಗುಂಡನ್ನು ನೆಟ್ಟಗೆ ಕಳುಹಿಸುತ್ತದೆಂದು ತಿಳಿಯಬಾರದು. ಪಿಸ್ತೂಲನ್ನು ಕಬ್ಬಿಣದ ಇಕ್ಕಳದಲ್ಲಿ ಬಿಗಿದು ಹಾರಿಸಿದರೆ ಗಿಡ್ಡ ನಳಿಗೆಯೂ ಗುಂಡುಗಳನ್ನು ಒತ್ತಾಗಿಯೇ ಬೀಳಿಸಬಲ್ಲದು. ಉದ್ದ ಪಿಸ್ತೂಲು ಮಾಡುವುದಿಷ್ಟೇ: ನಮ್ಮ ತಪ್ಪನ್ನು ನಮ್ಮ ಕಣ್ಣಿಗೆ ದೊಡ್ಡದಾಗಿ ತೋರಿಸುತ್ತದೆ, ಗುಂಡು ಹೊರಡುವ ಮೊದಲೇ ತಿದ್ದಿಕೊಳ್ಳಲು ಎಡೆಗೊಡುತ್ತದೆ.

ಕುದುರೆಯ ಎಳೆತವೂ ಕಡೆಗಣಿಸತಕ್ಕದ್ದಲ್ಲ. ಸೈನಿಕ ಪಿಸ್ತೂಲುಗಳಲ್ಲಿ ಕುದುರೆಯನ್ನು ಎಳೆಯಲು ಎರಡು, ಎರಡೂವರೆ ಕಿಲೋಗ್ರಾಂ ತೂಕದಷ್ಟು ಬಲ ಬೇಕಾಗುತ್ತದೆ. ಪಿಸ್ತೂಲಿನ ತೂಕಕ್ಕಿಂತ ಅದನ್ನು ಹಾರಿಸಲು ಬೇಕಾದ ಬಲವೇ ಮಿಗಿಲೆಂದಾಯಿತು! ಈ ಬಲದಲ್ಲಿ ಅಲ್ಪಾಂಶ ಪಕ್ಕಕ್ಕೆ ಹೊರಳಿದರೂ ಸಾಕು, ಮೇಲೆ ಹೇಳಿದ ಅರ್ಧ ಮಿಲಿಮೀಟರು ಆಗಿಹೋಗುತ್ತದೆ. ಆದುದರಿಂದ ಬೆರಳು ಕುದುರೆಯನ್ನು ನೇರ ಹಿಂದಕ್ಕೆ ಎಳೆಯುವಂತೆ ಹಿಡಿಯ ಅಳತೆ ಇರಬೇಕು. ಕುದುರೆ ತೀರ ದೂರವಿದ್ದರೆ ಬೆರಳ ತುದಿ ಅದನ್ನು ಓರೆಯಾಗಿ ಎಳೆಯುತ್ತದೆ; ತೀರ ಹತ್ತಿರವಿದ್ದರೆ ಬೆರಳಿನ ಮಡಿಕೆ ತಳ್ಳುತ್ತದೆ.

ಅಮೆರಿಕದ ಸೈನ್ಯ ಇದನ್ನು ಅನುಭವದಿಂದ ಕಲಿಯಿತು. ಒಂದನೆಯ ಮಹಾಯುದ್ಧ ಮುಗಿದ ಮೇಲೆ ಎಂ 1911ನ್ನು ಮರಳಿ ಪರಿಶೀಲಿಸಿ, 1926ರ ಹೊತ್ತಿಗೆ ಅದರ ಕುದುರೆಯನ್ನು ಗಿಡ್ಡಮಾಡಿದರು. ಅದರ ಹಿಂದೆ ಬೆರಳಿಗೆ ಎಡೆಯಾಗುವಂತೆ ಇಕ್ಕೆಲದ ಉಕ್ಕನ್ನು ಕೆತ್ತಿದರು. ಹಿಡಿಯ ಬೆನ್ನನ್ನು ಉಬ್ಬಿಸಿದರು. ಒಳಗಿನ ಯಂತ್ರ ಮಾತ್ರ ಅದೇ. 6,000 ಗುಂಡುಗಳಿಗೆ ತಡವರಿಸದ ಪಿಸ್ತೂಲನ್ನೂ ಮನುಷ್ಯನ ಕೈಗಾಗಿ ತಿದ್ದಬೇಕಾಯಿತು. ಬ್ರೌನಿಂಗ್ ಅದೇ ವರ್ಷ ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ತೀರಿಕೊಂಡನು. ಆಗ ಅವನು ಅರ್ಧಕ್ಕೆ ಬಿಟ್ಟ ಇನ್ನೊಂದು ಪಿಸ್ತೂಲನ್ನು ದ್ಯೂದೊನೆ ಸೇವ್ ಎಂಬಾತನು ಪೂರ್ಣಗೊಳಿಸಿ, ಅದು 1935ರಲ್ಲಿ ಹೊರಬಂದಿತು. ನಮ್ಮ ಸೈನ್ಯಕ್ಕಾಗಿ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರಿನ ಪಿಸ್ತೂಲು ಇದರದೇ ಸಂತತಿ.

ಗುಂಡಿನ ಗಾತ್ರವನ್ನು ಆರಿಸುವಲ್ಲಿ ಜನ ಹೆಚ್ಚು ಎಡವುತ್ತಾರೆ. ಚಲನಚಿತ್ರಗಳಲ್ಲಿ ಗುಂಡು ತಗುಲಿದವನು ನಾಲ್ಕು ಮಾರು ಹಿಂದಕ್ಕೆ ಹಾರಿ ಬೀಳುತ್ತಾನಷ್ಟೆ. ನಮ್ಮ 3.8 ಮಾನದ ಸಂವೇಗವನ್ನು 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ಹಂಚಿದರೆ ಅವನಿಗೆ ಬರುವ ವೇಗ ಸೆಕೆಂಡಿಗೆ ಆರು ಸೆಂಟಿಮೀಟರು ಮಾತ್ರ. ಇರುವೆಯ ಸಾಲನ್ನು ನೋಡಿಕೊಂಡು ನಡೆಯುವವನೂ ಇದಕ್ಕಿಂತ ಬೇಗ ಹೋದಾನು. ಗುಂಡು ತಗುಲಿದವನನ್ನು ಹಾರಿಸುವಷ್ಟು ಸಂವೇಗವಿದ್ದರೆ, ಹೊಡೆದವನೂ ಅಷ್ಟೇ ದೂರ ಹಿಂದಕ್ಕೆ ಹಾರಬೇಕಲ್ಲವೆ? ಗುಂಡಿನ ಘೋರ ಪರಿಣಾಮ ಅದು ಒಳಗೆ ಯಾವ ಅಂಗವನ್ನು ಹರಿದು ಹೋಯಿತೆಂಬುದನ್ನು ಅವಲಂಬಿಸಿದೆ, ತಳ್ಳುವ ಬಲವನ್ನಲ್ಲ.

ಅಮೆರಿಕದ ಎಫ್.ಬಿ.ಐ. ಸಂಸ್ಥೆಯ ಅನುಭವ ಇಲ್ಲಿ ಗಮನಾರ್ಹ. 1986ರ ಏಪ್ರಿಲಿನಲ್ಲಿ ಮಯಾಮಿಯಲ್ಲಿ ನಡೆದ ಕಾಳಗದಲ್ಲಿ ಅದರ ಇಬ್ಬರು ಅಧಿಕಾರಿಗಳು ಮಡಿದರು. ತಮ್ಮ ಗುಂಡುಗಳು ಸಾಲವೆಂದು ಬಗೆದು ಸಂಸ್ಥೆಯು ಮೊದಲು 10 ಮಿಲಿಮೀಟರಿನ ಬಲವಾದ ತೋಟಾಕ್ಕೆ, ಬಳಿಕ 0.40 ಅಂಗುಲದ ತೋಟಾಕ್ಕೆ ತಿರುಗಿತು. ಆದರೆ ಒದೆತ ಹೆಚ್ಚಾಯಿತು. ಇದರ ನಡುವೆ ಗುಂಡುಗಳ ರಚನೆಯೂ ಸುಧಾರಿಸಿತು. ಕೊನೆಗೆ 2014ರಲ್ಲಿ ಅದರ ತರಬೇತಿ ವಿಭಾಗವೇ 9 ಮಿಲಿಮೀಟರಿನ ಪರವಾಗಿ ವಾದಿಸಿತು: ಬಹುಮಂದಿ ಅಧಿಕಾರಿಗಳು ಅದರಿಂದ ಹೆಚ್ಚು ಬೇಗ, ಹೆಚ್ಚು ಸರಿಯಾಗಿ ಹೊಡೆಯಬಲ್ಲರು. ಲೆಕ್ಕವೂ ಇದನ್ನೇ ಹೇಳುತ್ತದೆ. 8 ಗ್ರಾಂ ತೂಗುವ 9 ಮಿಲಿಮೀಟರಿನ ಗುಂಡು ಸೆಕೆಂಡಿಗೆ 350 ಮೀಟರು ವೇಗದಲ್ಲಿ ಹೊರಟರೆ ಸಂವೇಗ 2.8, ಸುಮಾರು 950 ಗ್ರಾಮಿನ ಬೆರೆಟ್ಟಾ 92 ಪಿಸ್ತೂಲಿನಲ್ಲಿ ಒದೆತದ ಶಕ್ತಿ ನಾಲ್ಕು ಜೂಲಿನ ಸುತ್ತ. ಎಂ 1911ರ ಉತ್ತರಾಧಿಕಾರಿಯಾಗಿ ಅಮೆರಿಕದ ಸೈನ್ಯ 1985ರಲ್ಲಿ ಆರಿಸಿದ್ದು ಇದನ್ನೇ. ಆಸ್ಟ್ರಿಯದ ಸೈನ್ಯ 1982ರಲ್ಲಿ ಒಪ್ಪಿದ ಗ್ಲಾಕ್ 17 ಪ್ಲಾಸ್ಟಿಕ್ ಚೌಕಟ್ಟಿನಿಂದಾಗಿ 700 ಗ್ರಾಮಿನಷ್ಟೇ ತೂಗುತ್ತದೆ. ಅದೇ ಗುಂಡಿಗೆ ಅದರ ಒದೆತ ಐದೂವರೆ ಜೂಲಿನಷ್ಟು. ಹಗುರಕ್ಕೆ ತೆರುವ ಬೆಲೆ ಇಲ್ಲಿಯೂ ತಪ್ಪಲಿಲ್ಲ.

ನಮ್ಮ ದೇಶದಲ್ಲಿ ಇವನ್ನು ಅಂಗಡಿಗೆ ಹೋಗಿ ಆರಿಸಿ ತರುವಂತಿಲ್ಲ. 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. 9 ಮಿಲಿಮೀಟರಿನ ಸೈನಿಕ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಇದಕ್ಕಾಗಿ ನಾವು ಮರುಗಬೇಕಾದುದಿಲ್ಲ. ವಿದ್ಯಾರ್ಥಿಗಳು ರೈಫಲ್ ಸಂಘಗಳ ಮೈದಾನದಲ್ಲಿ, ತರಬೇತುಗಾರರ ಕಣ್ಣೆದುರಿನಲ್ಲಿ ಕಾಣಬಹುದಾದ ಪಿಸ್ತೂಲುಗಳಲ್ಲಿ ಮುಖ್ಯವಾದುದು 0.22 ಅಂಗುಲದ ಸ್ಪರ್ಧಾ ಪಿಸ್ತೂಲು. ಅಲ್ಲಿ ಕಲಿಸುವ ಮೊದಲ ಪಾಠ ಗುರಿಯದಲ್ಲ: ಪ್ರತಿಯೊಂದು ಪಿಸ್ತೂಲೂ ಗುಂಡು ತುಂಬಿದುದೇ ಎಂದು ಭಾವಿಸಬೇಕು, ಗುರಿ ಹಿಡಿಯುವವರೆಗೆ ಬೆರಳು ಕುದುರೆಯನ್ನು ಮುಟ್ಟಕೂಡದು.

ಗುಂಡು ಇಷ್ಟು ಸಣ್ಣದಾದರೂ ಈ ಸ್ಪರ್ಧಾ ಪಿಸ್ತೂಲು ಗಾತ್ರದಲ್ಲಿ ಪುಟ್ಟದಲ್ಲ. ಒಂದು ಕಿಲೋಗ್ರಾಮಿನ ಮೇಲೆಯೇ ತೂಗುತ್ತದೆ. ನಿಯಮದಂತೆ 1,400 ಗ್ರಾಮನ್ನು ಮೀರಬಾರದು. ಗುಂಡು ತೂಗುವುದು 2.6 ಗ್ರಾಂ, ಸಂವೇಗ ಸುಮಾರು 0.8. ಪಿಸ್ತೂಲನ್ನು ಎಂ 1911ರ ತೂಕದ್ದೆಂದೇ ಹಿಡಿದರೆ ಒದೆತದ ಶಕ್ತಿ 0.3 ಜೂಲಿಗೂ ಕಡಿಮೆ. ಎಂ 1911ರ ಒದೆತದ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಅವರು 25 ಮೀಟರಿನ ಶೀಘ್ರ ಗುರಿಯ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಗೆದ್ದುದು ಇಂಥದೇ ಪಿಸ್ತೂಲಿನಿಂದ. ಆ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಒಂದರ ಪಕ್ಕದಲ್ಲೊಂದಿರುವ ಐದು ಫಲಕಗಳಿಗೆ ಐದು ಗುಂಡುಗಳನ್ನು ಹಾರಿಸಲು ಕೊಡುವ ಕಾಲ ನಾಲ್ಕು ಸೆಕೆಂಡು. ತಗ್ಗಿಸಿ ಹಿಡಿದ ತೋಳನ್ನು ಎತ್ತುವ ಹೊತ್ತೂ ಅದರಲ್ಲಿಯೇ ಸೇರಿದೆ.